ತಳಜೋಡಣೆ (ಅಕ್ವೇರಿಯಂ ಕ್ಯಾನಿಸ್ಟರ್ ಫಿಲ್ಟರ್)

ತಳಜೋಡಣೆ ಎಂದರೆ ಮೀನಿನ ಗಾಜಿನ ತೊಟ್ಟಿಯ ತಳದಲ್ಲಿ ರಂಧ್ರ ಕೊರೆದು, ಅದರ ಮೂಲಕ ನೀರನ್ನು ಸ್ಟ್ಯಾಂಡಿನೊಳಗಿನ ಕ್ಯಾನಿಸ್ಟರ್ ಫಿಲ್ಟರಿಗೆ ಇಳಿಸಿ, ಶೋಧಿಸಿದ ನೀರನ್ನು ಮರಳಿ ತೊಟ್ಟಿಗೆ ಏರಿಸುವ ಕೊಳವೆ ವ್ಯವಸ್ಥೆ. ವಾಡಿಕೆಯ ಜೋಡಣೆಯಲ್ಲಿ ಎರಡು ಕೊಳವೆಗಳು ತೊಟ್ಟಿಯ ಮೇಲಂಚನ್ನು ದಾಟಿ ಒಳಗಿಳಿಯುತ್ತವೆ. ಪೂರ್ಣ ತಳಜೋಡಣೆಯಲ್ಲಿ ಅಂಚಿನ ಮೇಲೆ ಯಾವ ಕೊಳವೆಯೂ ಇರುವುದಿಲ್ಲ. ನಾಲ್ಕೂ ಕಡೆಯಿಂದ ನೋಡಬೇಕಾದ ತೊಟ್ಟಿಗಳು, ಕೋಣೆಯ ನಡುವೆ ಅಡ್ಡಗೋಡೆಯಂತೆ ಇಡುವ ತೊಟ್ಟಿಗಳು ಮತ್ತು ಕಚೇರಿಗಳ ಸ್ವಾಗತಾಂಗಣದ ತೊಟ್ಟಿಗಳಿಗೆ ಇದು ಹೊಂದುತ್ತದೆ.

ಪದಬಳಕೆ

ಈ ಲೇಖನದಲ್ಲಿ ‘ತೊಟ್ಟಿ’ ಎಂದರೆ ಮೀನಿರುವ ಗಾಜಿನ ಪೆಟ್ಟಿಗೆ. ‘ಕ್ಯಾನಿಸ್ಟರ್’ ಎಂದರೆ ಮುಚ್ಚಳ ಬಿಗಿದ, ಗಾಳಿಯಾಡದ ಡಬ್ಬಿಯಂಥ ಫಿಲ್ಟರ್. ಅದರೊಳಗೆ ಸ್ಪಂಜು, ಸೆರಾಮಿಕ್ ಉಂಗುರ ಮೊದಲಾದ ಶೋಧಕ ವಸ್ತುಗಳಿದ್ದು ಮೇಲ್ಭಾಗದಲ್ಲಿ ಪಂಪ್ ಇರುತ್ತದೆ. ಗಾಜಿನ ರಂಧ್ರದಲ್ಲಿ ಕೂರುವ ತಿರುಪಿನ ಜೋಡಕವನ್ನು ಹವ್ಯಾಸಿಗಳು ‘ಬಲ್ಕ್‌ಹೆಡ್’ ಎನ್ನುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಬಗೆಯ ವಸ್ತುವಿನ ಹೆಸರು ‘ಟ್ಯಾಂಕ್ ನಿಪ್ಪಲ್’. ತಾರಸಿಯ ನೀರಿನ ಟ್ಯಾಂಕಿಗೆ ಪೈಪು ಕೂಡಿಸಲು ಪ್ಲಂಬರುಗಳು ಬಳಸುವುದು ಇದನ್ನೇ. ಇಲ್ಲಿ ಟ್ಯಾಂಕ್ ನಿಪ್ಪಲ್ ಎಂಬ ಹೆಸರನ್ನೇ ಉಳಿಸಿಕೊಳ್ಳಲಾಗಿದೆ. ಅದರ ಮೇಲೆ ತೊಟ್ಟಿಯೊಳಗೆ ನೆಟ್ಟಗೆ ನಿಲ್ಲುವ ಪೈಪು ‘ನಿಲುಗೊಳವೆ’. ಹಿಮ್ಮುಖ ಹರಿವನ್ನು ತಡೆಯುವ ಕವಾಟ ‘ಎನ್‌ಆರ್‌ವಿ’.

‘ಸಂಪ್’ ಎಂಬ ಪದವನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಮೀನು ಸಾಕುವವರಿಗೆ ಅದು ತೊಟ್ಟಿಯ ಕೆಳಗಿಡುವ ತೆರೆದ ಶೋಧಕ ಪೆಟ್ಟಿಗೆ. ಬೆಂಗಳೂರಿನ ಮನೆಗಳಲ್ಲಿ ಅದು ಟ್ಯಾಂಕರ್ ನೀರು ತುಂಬಿಸುವ ನೆಲದಡಿಯ ತೊಟ್ಟಿ. ಸಂಪ್ ಫಿಲ್ಟರ್ ತೆರೆದ ವ್ಯವಸ್ಥೆ, ಕ್ಯಾನಿಸ್ಟರ್ ಮುಚ್ಚಿದ ವ್ಯವಸ್ಥೆ. ಇವೆರಡರ ಕೊಳವೆ ನಿಯಮಗಳು ಬೇರೆ ಬೇರೆ.

ಕೆರೆಯ ಕಟ್ಟಡ ಬಲ್ಲವರಿಗೆ ಈ ವ್ಯವಸ್ಥೆ ಅಪರಿಚಿತವಲ್ಲ. ಕೆರೆಗೆ ಏರಿಯ ಬುಡದಿಂದ ನೀರು ಬಿಡುವ ತೂಬು ಇದೆ, ಮೇಲಿನ ಮಟ್ಟದಲ್ಲಿ ಹೆಚ್ಚುವರಿ ನೀರು ಹೊರಹಾಕುವ ಕೋಡಿ ಇದೆ. ತಳದಲ್ಲಿ ಬರಿಯ ರಂಧ್ರವಿದ್ದರೆ ಅದು ತೂಬು: ಮುಚ್ಚಳ ಕಿತ್ತರೆ ಕೆರೆಯೆಲ್ಲ ಖಾಲಿ. ಅದೇ ರಂಧ್ರಕ್ಕೆ ನಿಲುಗೊಳವೆ ನಿಲ್ಲಿಸಿದರೆ ಅದು ಕೋಡಿಯಾಗುತ್ತದೆ: ಕೊಳವೆಯ ಬಾಯಿಯ ಮಟ್ಟದವರೆಗೆ ಮಾತ್ರ ನೀರು ಇಳಿಯುತ್ತದೆ. ತಳಜೋಡಣೆಯ ಸುರಕ್ಷತೆಯೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಹಿನ್ನೆಲೆ

ಸಾರ್ವಜನಿಕ ಮತ್ಸ್ಯಾಲಯಗಳ ಕಾಲ ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ 1853ರಲ್ಲಿ ತೆರೆದ ಮತ್ಸ್ಯಗೃಹದಿಂದ ಆರಂಭವಾಗುತ್ತದೆ. ಮನೆಯ ತೊಟ್ಟಿಗಳಲ್ಲಿ ಬಹುಕಾಲ ಗಾಳಿಗುಳ್ಳೆಯಿಂದ ನಡೆಯುವ ಪುಟ್ಟ ಫಿಲ್ಟರುಗಳೇ ಇದ್ದವು. ಗುಂಥರ್ ಐಹೈಮ್ 1949ರಲ್ಲಿ ಜರ್ಮನಿಯಲ್ಲಿ ಸ್ಥಾಪಿಸಿದ ಐಹೈಮ್ ಕಂಪನಿ 1960ರ ದಶಕದಲ್ಲಿ ತೊಟ್ಟಿಯ ಹೊರಗಿಡುವ ಮುಚ್ಚಿದ ಫಿಲ್ಟರನ್ನು ಮಾರುಕಟ್ಟೆಗೆ ತಂದಿತು. ತಳ ಕೊರೆದ ತೊಟ್ಟಿಗಳು ಮನೆಗಳಲ್ಲಿ ಹರಡಿದ್ದು 1980ರ ದಶಕದ ನಂತರ, ಹವಳ ಮತ್ತು ಸಮುದ್ರಮೀನು ಸಾಕುವವರಿಂದ. ಆದರೆ ಅವರ ರಂಧ್ರಗಳು ಸಂಪ್ ಫಿಲ್ಟರಿಗಾಗಿ ಇದ್ದವು. ಆ ಪದ್ಧತಿಯನ್ನು ಸಿಹಿನೀರಿನ ಕ್ಯಾನಿಸ್ಟರಿಗೆ ಒಗ್ಗಿಸಿದ್ದೇ ತಳಜೋಡಣೆ.

ಬೆಂಗಳೂರಿನಲ್ಲಿ ಸಾರ್ವಜನಿಕರಿಗೆ ಮೀನಿನ ತೊಟ್ಟಿಗಳನ್ನು ಪರಿಚಯಿಸಿದ ಮುಖ್ಯ ಸಂಸ್ಥೆ ಕಬ್ಬನ್ ಉದ್ಯಾನದ ಸರ್ಕಾರಿ ಮತ್ಸ್ಯಾಲಯ. ಅದು 1983ರಲ್ಲಿ ಆರಂಭವಾಯಿತು. ರಾಜ್ಯ ಸರ್ಕಾರದ ಸಂಸ್ಥೆಯಾದ ಕಿಯೋನಿಕ್ಸ್ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿದ ಮೇಲೆ, ಮುಂದೆ ವೈಟ್‌ಫೀಲ್ಡಿನಲ್ಲಿ ಐಟಿ ಪಾರ್ಕ್ ಬಂದ ಮೇಲೆ ಬೆಳೆದ ಅಪಾರ್ಟ್‌ಮೆಂಟುಗಳು ಮತ್ತು ಕಚೇರಿಗಳು ದೊಡ್ಡ ತೊಟ್ಟಿಗಳಿಗೆ ಜಾಗ ಮಾಡಿಕೊಟ್ಟವು.

ಜಲಚಲನೆಯ ತತ್ತ್ವ

ಮೇಲಂಚಿನ ಜೋಡಣೆ ಸೈಫನ್ ತತ್ತ್ವದ ಮೇಲೆ ನಡೆಯುತ್ತದೆ. ನೀರು ಮೊದಲು ಅಂಚಿನವರೆಗೆ ಏರಿ ಆಮೇಲೆ ಕೆಳಗಿಳಿಯಬೇಕು. ಅದಕ್ಕಾಗಿ ಕೊಳವೆಯೊಳಗಿನ ಗಾಳಿಯನ್ನು ಹೀರಿ ತೆಗೆಯಬೇಕು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಸ್ವಯಂಚಾಲಿತ ಸೈಫನ್ನುಗಳು ದೊಡ್ಡ ಪ್ರಮಾಣದಲ್ಲಿ ತೋರಿಸುವುದೂ ಇದೇ ತತ್ತ್ವವನ್ನು. ತಳಜೋಡಣೆಯಲ್ಲಿ ಈ ಏರು ಇಲ್ಲ. ವಾಲ್ವ್ ತೆರೆದೊಡನೆ ನೀರು ತನ್ನ ಭಾರದಿಂದಲೇ ಕ್ಯಾನಿಸ್ಟರನ್ನು ತುಂಬುತ್ತದೆ, ಒಳಗಿನ ಗಾಳಿ ಕೊಳವೆಯ ಮೂಲಕ ಮೇಲೆ ಹೋಗುತ್ತದೆ. ಕೊಳವೆ ಎಲ್ಲಿಯೂ ಗೂನು ಬೀಳದೆ ಒಂದೇ ಸಮನೆ ಏರಬೇಕು, ಇಲ್ಲದಿದ್ದರೆ ಗೂನಿನಲ್ಲಿ ಗಾಳಿ ಸಿಕ್ಕಿಕೊಂಡು ಹರಿವು ಕುಂದುತ್ತದೆ.

ಪಂಪು ನೀರನ್ನು ನೆಲದಿಂದ ತೊಟ್ಟಿಯವರೆಗೆ ಎತ್ತುತ್ತದೆ ಎಂಬ ಭಾವನೆ ಸಾಮಾನ್ಯ, ಅದು ತಪ್ಪು. ಇಳಿಯುವ ಕೊಳವೆಯೂ ಏರುವ ಕೊಳವೆಯೂ ಒಂದೇ ನೀರಿನಲ್ಲಿ ತೆರೆಯುವುದರಿಂದ ಎರಡೂ ಕಡೆಯ ಭಾರ ಸರಿದೂಗುತ್ತದೆ. ಪಂಪಿಗೆ ಉಳಿಯುವ ಕೆಲಸ ಕೊಳವೆ, ಎಲ್ಬೋ, ವಾಲ್ವ್ ಮತ್ತು ಶೋಧಕ ವಸ್ತುಗಳ ತಡೆಯನ್ನು ಗೆಲ್ಲುವುದಷ್ಟೆ. ಹಾಗಾಗಿ ಪ್ರತಿಯೊಂದು ಹೆಚ್ಚುವರಿ ಎಲ್ಬೋ ಹರಿವನ್ನು ತಗ್ಗಿಸುತ್ತದೆ. ಡಬ್ಬಿಯ ಮೇಲಿನ ಒತ್ತಡ ಮಾತ್ರ ನೀರಿನ ಎತ್ತರಕ್ಕೆ ಸರಿಯಾಗಿಯೇ ಇರುತ್ತದೆ: 75 ಸೆಂ.ಮೀ. ಸ್ಟ್ಯಾಂಡಿನ ಮೇಲೆ 40 ಸೆಂ.ಮೀ. ನೀರಿದ್ದರೆ ನೆಲದ ಮಟ್ಟದಲ್ಲಿ ಸುಮಾರು 11 ಕಿಲೊಪ್ಯಾಸ್ಕಲ್. ಕೊಳವೆ ಅಂಚಿನಿಂದ ಬಂದರೂ ತಳದಿಂದ ಬಂದರೂ ಈ ಒತ್ತಡ ಬದಲಾಗುವುದಿಲ್ಲ.

ಬದಲಾಗುವುದು ಸೋರಿದಾಗಿನ ಪರಿಣಾಮ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 40 ಸೆಂ.ಮೀ. ನೀರಿದ್ದರೆ ಅದು 216 ಲೀಟರ್. ತಳದಲ್ಲಿ 20 ಮಿ.ಮೀ. ವ್ಯಾಸದ ತೆರೆದ ರಂಧ್ರವಿದ್ದರೆ ಮೊದಲಿಗೆ ನಿಮಿಷಕ್ಕೆ ಸುಮಾರು 30 ಲೀಟರ್ ಹೊರಬೀಳುತ್ತದೆ. ಕಾಲು ಗಂಟೆಯೊಳಗೆ ತೊಟ್ಟಿ ಬರಿದಾಗುತ್ತದೆ. ಅದೇ ರಂಧ್ರದ ಮೇಲೆ ನೀರಿನ ಮಟ್ಟಕ್ಕಿಂತ 3 ಸೆಂ.ಮೀ. ಕೆಳಗೆ ಬಾಯಿರುವ ನಿಲುಗೊಳವೆ ಇದ್ದರೆ ನಷ್ಟ ಸುಮಾರು 16 ಲೀಟರ್, ಒಂದು ಬಕೆಟ್ಟಿನಷ್ಟು.

ರಚನೆ

ಒಳಗಿನಿಂದ ಹೊರಗೆ ಕ್ರಮವಾಗಿ ನೋಡಿದರೆ ಮೊದಲು ಜಾಲರಿ, ಅದರ ಕೆಳಗೆ ನಿಲುಗೊಳವೆ, ಆಮೇಲೆ ಟ್ಯಾಂಕ್ ನಿಪ್ಪಲ್, ಬಾಲ್ ವಾಲ್ವ್, ಯೂನಿಯನ್, ಹೋಸ್ ಕಾಲರ್, ಮೆದು ಹೋಸ್, ಕೊನೆಗೆ ಕ್ಯಾನಿಸ್ಟರ್. ಮರಳುವ ದಾರಿಯಲ್ಲಿ ವಾಲ್ವಿನ ಜೊತೆಗೆ ಎನ್‌ಆರ್‌ವಿ ಸೇರುತ್ತದೆ. ಬಾಲ್ ವಾಲ್ವ್ ನಿಪ್ಪಲಿಗೆ ಆದಷ್ಟು ಹತ್ತಿರವಿರಬೇಕು. ವಾಲ್ವಿಗೂ ಗಾಜಿಗೂ ನಡುವೆ ಇರುವ ಯಾವುದೇ ಬೆಸುಗೆ ಸೋರಿದರೆ ನೀರನ್ನು ಮುಚ್ಚಲು ಬೇರೆ ಉಪಾಯವಿಲ್ಲ.

ಟ್ಯಾಂಕ್ ನಿಪ್ಪಲಿನ ರಬ್ಬರ್ ವಾಷರ್ ನೀರಿನ ಬದಿಯಲ್ಲಿ, ಅಂದರೆ ತೊಟ್ಟಿಯ ಒಳಗೆ, ಅಗಲವಾದ ಅಂಚಿನ ಕೆಳಗೆ ಕೂರಬೇಕು. ನಟ್ಟು ಹೊರಗೆ. ನಟ್ಟನ್ನು ಕೈಯಿಂದ ಬಿಗಿದು ಆಮೇಲೆ ಕಾಲು ಸುತ್ತು ತಿರುಗಿಸಿದರೆ ಸಾಕು. ಸಿಲಿಕೋನ್ ಪಿವಿಸಿಗೆ ಗಟ್ಟಿಯಾಗಿ ಅಂಟುವುದಿಲ್ಲ, ಆದ್ದರಿಂದ ವಾಷರ್ ಸರಿಯಿಲ್ಲದ ನಿಪ್ಪಲಿಗೆ ಸಿಲಿಕೋನ್ ಮೆತ್ತಿ ಸೋರಿಕೆ ನಿಲ್ಲಿಸುವ ಪ್ರಯತ್ನ ಬಾಳುವುದಿಲ್ಲ.

ನಿಪ್ಪಲಿನ ಮೇಲೆ ನೀರು ಹೇರುವ ಭಾರ ಜನ ಊಹಿಸುವುದಕ್ಕಿಂತ ಬಹಳ ಕಡಿಮೆ. 40 ಸೆಂ.ಮೀ. ನೀರಿನಡಿ 35 ಮಿ.ಮೀ. ರಂಧ್ರದ ಮೇಲೆ ಬೀಳುವುದು ಹೆಚ್ಚುಕಡಿಮೆ 400 ಗ್ರಾಂ ತೂಕದಷ್ಟು ಬಲ. ಗಾಜಿನ ಮೇಲೆ ನಿಜವಾದ ಆಯಾಸ ಬೀಳುವುದು ಕೆಳಗೆ ನೇತಾಡುವ ಗಟ್ಟಿ ಪೈಪಿನಿಂದ. ಉದ್ದನೆಯ ಪೈಪಿನ ತುದಿಗೆ ಮೊಣಕೈ ತಗುಲಿದರೆ ಅದು ಸನ್ನೆಕೋಲಿನಂತೆ ನಿಪ್ಪಲನ್ನು ಮೀಟುತ್ತದೆ, ಬಿರುಕು ರಂಧ್ರದ ಅಂಚಿನಿಂದ ಹೊರಡುತ್ತದೆ. ಹೀಗಾಗಿ ವಾಲ್ವಿನ ನಂತರ ಮೆದು ಹೋಸ್ ಬಳಸುವುದು ಮತ್ತು ಗಟ್ಟಿ ಪೈಪನ್ನು ಸ್ಟ್ಯಾಂಡಿಗೆ ಕ್ಲಾಂಪಿನಿಂದ ಹಿಡಿಸುವುದು ಅಗತ್ಯ.

ಅಳತೆಯ ಗೊಂದಲ ಈ ಕೆಲಸದ ದೊಡ್ಡ ತೊಡಕು. ಮಾರುಕಟ್ಟೆಯಲ್ಲಿ ‘ಒಂದಿಂಚು’ ಎಂದು ಕೊಡುವ ಪೈಪುಗಳ ಹೊರವ್ಯಾಸ ಒಂದೇ ಅಲ್ಲ: ಕಟ್ಟಡದ ಯುಪಿವಿಸಿ ಪೈಪಿನದು 33.4 ಮಿ.ಮೀ., ಬಿಸಿನೀರಿಗೆ ಬಳಸುವ ಸಿಪಿವಿಸಿಯದು 28.6 ಮಿ.ಮೀ., ಭಾರತೀಯ ಮಾನಕ ಐಎಸ್ 4985 ಪ್ರಕಾರ ಮಿಲಿಮೀಟರಿನಲ್ಲಿ ಬರುವ ಪೈಪಿನದು 32 ಮಿ.ಮೀ. ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಕೂರುವುದಿಲ್ಲ. ಕೂರುವಂತೆ ಕಂಡರೂ ಸಾಲ್ವೆಂಟ್ ಸಿಮೆಂಟ್ ಹಿಡಿಯುವುದಿಲ್ಲ. ಯುಪಿವಿಸಿ ಮತ್ತು ಸಿಪಿವಿಸಿಗೆ ಸಾಲ್ವೆಂಟ್ ಕೂಡ ಬೇರೆ. ಕ್ಯಾನಿಸ್ಟರಿನ ಹೋಸ್‌ಗಳು ಇವಾವುದಕ್ಕೂ ಸೇರದ 12/16 ಅಥವಾ 16/22 ಮಿ.ಮೀ. ಅಳತೆಯಲ್ಲಿ ಬರುತ್ತವೆ, ಮೊದಲ ಅಂಕಿ ಒಳವ್ಯಾಸ, ಎರಡನೆಯದು ಹೊರವ್ಯಾಸ. ಈ ಎರಡು ಲೋಕಗಳನ್ನು ಕೂಡಿಸುವ ಜೋಡಕ ಸಿದ್ಧರೂಪದಲ್ಲಿ ಸಿಗದಿದ್ದಾಗ ಲೇಥಿನಲ್ಲಿ ನೈಲಾನ್ ಸರಳಿನಿಂದ ಕಡೆಸಿಕೊಳ್ಳಬೇಕಾಗುತ್ತದೆ. ಪೀಣ್ಯದಂಥ ಸಣ್ಣ ಯಂತ್ರಾಗಾರಗಳ ಪ್ರದೇಶದಲ್ಲಿ ಇದು ಕಷ್ಟದ ಕೆಲಸವಲ್ಲ.

ವಿಧಗಳು

ಎರಡೂ ಕೊಳವೆಗಳು ತಳದಿಂದ ಬರುವುದು ಪೂರ್ಣ ತಳಜೋಡಣೆ. ಇಳಿಯುವ ಕೊಳವೆ ಮಾತ್ರ ತಳದಲ್ಲಿದ್ದು ಮರಳುವುದು ಅಂಚಿನಿಂದ ಬಂದರೆ ಅದು ಅರೆಜೋಡಣೆ. ಅರೆಜೋಡಣೆಗೆ ಒಂದೇ ರಂಧ್ರ ಸಾಕು. ಹಿಂದೆ ಗೋಡೆಯಿರುವ ತೊಟ್ಟಿಗೆ ಇದೇ ಒಳ್ಳೆಯ ಆಯ್ಕೆ.

ಮೂಲೆಗೂಡಿನ ತೊಟ್ಟಿಗಳನ್ನು ಬೇರೆಯಾಗಿ ಹೇಳಬೇಕು. ಸಂಪ್ ಫಿಲ್ಟರಿಗೆಂದು ತಯಾರಾದ ಈ ತೊಟ್ಟಿಗಳಲ್ಲಿ ಒಂದು ಮೂಲೆಯನ್ನು ಗಾಜಿನಿಂದ ಪ್ರತ್ಯೇಕಿಸಿ ರಂಧ್ರಗಳನ್ನು ಅದರೊಳಗೆ ಕೊರೆದಿರುತ್ತಾರೆ. ನೀರು ಹಲ್ಲುಗಳಿರುವ ಮೇಲಂಚನ್ನು ದಾಟಿ ಗೂಡಿಗೆ ಬೀಳುತ್ತದೆ. ಇದಕ್ಕೆ ಕ್ಯಾನಿಸ್ಟರ್ ನೇರವಾಗಿ ಕೂಡಿಸಿದರೆ ತೊಂದರೆ ಖಚಿತ. ನೀರು ಆವಿಯಾದಂತೆ ತೊಟ್ಟಿಯ ಮಟ್ಟ ಹಾಗೇ ಇದ್ದು ಗೂಡಿನ ಮಟ್ಟ ಮಾತ್ರ ಕುಸಿಯುತ್ತದೆ. ಕೆಲವೇ ದಿನಗಳಲ್ಲಿ ಕ್ಯಾನಿಸ್ಟರ್ ಗಾಳಿ ಹೀರತೊಡಗುತ್ತದೆ. ಗೂಡಿನ ಗಾಜಿನಲ್ಲಿ ಕೆಳಮಟ್ಟದಲ್ಲಿ ಕಿಂಡಿಗಳನ್ನು ತೆರೆದು ಎರಡೂ ಕಡೆಯ ನೀರನ್ನು ಒಂದಾಗಿಸಿದರೆ ಮಾತ್ರ ಇದು ನಡೆಯುತ್ತದೆ.

ಜಲ್ಲಿಯಡಿಯ ರಂಧ್ರತಟ್ಟೆಗೆ ತಳದಿಂದ ಕ್ಯಾನಿಸ್ಟರ್ ಕೂಡಿಸುವ ಹಳೆಯ ಪದ್ಧತಿಯೂ ಉಂಟು. ತಟ್ಟೆಯಡಿ ಕೂತ ಕೆಸರನ್ನು ತೆಗೆಯಲು ತೊಟ್ಟಿಯನ್ನೇ ಬಿಚ್ಚಬೇಕಾಗುವುದರಿಂದ ಅದು ಹಿಂದೆ ಸರಿದಿದೆ.

ರಂಧ್ರ ಕೊರೆಯುವುದು

ಟಫನ್ಡ್ ಗಾಜನ್ನು ಕೊರೆಯಲಾಗದು. ಬಿಟ್ ತಾಕಿ ಸ್ವಲ್ಪ ಒಳಹೋದೊಡನೆ ಇಡೀ ಹಾಳೆ ಸಣ್ಣ ಚೂರುಗಳಾಗುತ್ತದೆ. ಸಿದ್ಧ ತೊಟ್ಟಿಗಳಲ್ಲಿ ಪಕ್ಕದ ಗಾಜು ಸಾದಾ ಆಗಿದ್ದು ತಳ ಮಾತ್ರ ಟಫನ್ಡ್ ಆಗಿರುವುದುಂಟು. ಸ್ಥಳೀಯವಾಗಿ ಸಿಲಿಕೋನ್ ಹಾಕಿ ಕಟ್ಟಿಸುವ ತೊಟ್ಟಿಗಳು ಹೆಚ್ಚಾಗಿ ಸಾದಾ ಗಾಜಿನವು. ಅವನ್ನು ಕಟ್ಟುವ ಮೊದಲೇ ಗಾಜಿನ ಅಂಗಡಿಯ ಯಂತ್ರದಲ್ಲಿ ತಳದ ಹಾಳೆಗೆ ರಂಧ್ರ ಹಾಕಿಸುವುದು ಎಲ್ಲಕ್ಕಿಂತ ಸುರಕ್ಷಿತ ದಾರಿ. ಆ ಯಂತ್ರ ಎರಡೂ ಬದಿಯಿಂದ ಕೊರೆದು ನಡುವೆ ಕೂಡಿಸುವುದರಿಂದ ಅಂಚು ಚಕ್ಕೆ ಏಳುವುದಿಲ್ಲ.

ಕೈಯಿಂದ ಕೊರೆಯುವಾಗ ವಜ್ರದ ಪುಡಿ ಲೇಪಿಸಿದ ಹೋಲ್ ಸಾ ಬೇಕು. ರಂಧ್ರದ ವ್ಯಾಸವನ್ನು ಹೆಸರಿನ ಅಳತೆಯಿಂದ ನಿರ್ಧರಿಸಬಾರದು. ಕೈಯಲ್ಲಿರುವ ನಿಪ್ಪಲಿನ ತಿರುಪನ್ನೇ ವರ್ನಿಯರಿನಿಂದ ಅಳೆದು ಒಂದೆರಡು ಮಿಲಿಮೀಟರ್ ಸೇರಿಸಬೇಕು. ರಂಧ್ರದ ಅಂಚಿಗೂ ಗಾಜಿನ ಅಂಚಿಗೂ ನಡುವೆ ಕಡೇಪಕ್ಷ ಒಂದು ರಂಧ್ರವ್ಯಾಸದಷ್ಟು ಗಾಜು ಉಳಿಯಬೇಕು, ಹೆಚ್ಚಿದ್ದಷ್ಟೂ ಒಳ್ಳೆಯದು. ಹಿಂಬದಿಗೆ ಟೇಪ್ ಅಂಟಿಸಿ, ಗುರುತಿನ ಸುತ್ತ ಕ್ಲೇ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುತ್ತಾರೆ. ರಂಧ್ರವಿರುವ ಹಲಗೆಯ ತುಂಡೊಂದನ್ನು ಅಚ್ಚಿನಂತೆ ಹಿಡಿದರೆ ಬಿಟ್ ಜಾರುವುದಿಲ್ಲ. ವೇಗ ನಿಮಿಷಕ್ಕೆ ಸುಮಾರು 500 ಸುತ್ತು. ಆ್ಯಂಗಲ್ ಗ್ರೈಂಡರ್ ಈ ಕೆಲಸಕ್ಕೆ ಅಲ್ಲ. ಡ್ರಿಲ್ಲಿನ ತೂಕವೇ ಸಾಕು, ಮೇಲಿನಿಂದ ಒತ್ತಬಾರದು. ನೀರು ಮಜ್ಜಿಗೆಯಂತೆ ಬೆಳ್ಳಗಾಗುತ್ತ ಹೋಗುತ್ತದೆ. ಆಗಾಗ ನಿಲ್ಲಿಸಿ ಹೊಸ ನೀರು ಹಾಕಬೇಕು. ಕೊನೆಯ ಮಿಲಿಮೀಟರಿನಲ್ಲಿ ಗರಗಸದ ದನಿ ತೆಳುವಾಗಿ ಬದಲಾಗುತ್ತದೆ. ಅಲ್ಲಿ ಕೈಯ ಭಾರವನ್ನೂ ತೆಗೆದುಬಿಡಬೇಕು. 12 ಮಿ.ಮೀ. ಗಾಜಿಗೆ ಹತ್ತು ನಿಮಿಷಕ್ಕೆ ಕಡಿಮೆಯಾದರೆ ಅದು ಅವಸರವೇ.

ತೊಟ್ಟಿಯ ಕೆಳಗಿನ ಥರ್ಮೊಕೋಲ್ ಹಾಳೆ ಮತ್ತು ಪ್ಲೈವುಡ್‌ನಲ್ಲಿಯೂ ಅದೇ ಜಾಗದಲ್ಲಿ ನಟ್ಟು ಮತ್ತು ಸ್ಪ್ಯಾನರ್ ಹಿಡಿಸುವಷ್ಟು ಕಿಂಡಿ ಬೇಕು. ನಟ್ಟು ಪ್ಲೈವುಡ್ಡಿಗೆ ತಾಕಿದರೆ ತೊಟ್ಟಿಯ ಭಾರ ಅದರ ಮೇಲೆ ಕೂರುತ್ತದೆ. ಚೌಕ ಕಬ್ಬಿಣದ ಪೈಪಿನ ಸ್ಟ್ಯಾಂಡಿನಲ್ಲಿ ಅಡ್ಡಪಟ್ಟಿ ಎಲ್ಲಿ ಬರುತ್ತದೆ ಎಂಬುದನ್ನು ವೆಲ್ಡಿಂಗಿಗೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕಡಪ ಕಲ್ಲಿನ ಕಟ್ಟೆಯ ಮೇಲಿಡುವ ತೊಟ್ಟಿಗೆ ಕಲ್ಲನ್ನೂ ಕೊರೆಸಬೇಕಾಗುತ್ತದೆ.

ಜೋಡಣೆ ಮುಗಿದ ಮೇಲೆ ಜಲ್ಲಿ, ಗಿಡ ಯಾವುದನ್ನೂ ಹಾಕದೆ ಬರೀ ನೀರು ತುಂಬಿ ಒಂದು ದಿನ ಬಿಡಬೇಕು. ಕೆಳಗೆ ಹಾಸಿದ ಒಣ ಕಾಗದ ಒಂದು ಹನಿಯನ್ನೂ ಬಚ್ಚಿಡುವುದಿಲ್ಲ.

ಬೆಂಗಳೂರಿನ ಹೊರವಲಯದ ವಿಶೇಷಗಳು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 25 ಡಿಗ್ರಿ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಇಲ್ಲಿ ಹಿಡಿಯುವುದು 7.4ರ ಆಸುಪಾಸು. ಮರಳುವ ಕೊಳವೆ ತಳದಲ್ಲಿಯೇ ಬಾಯಿ ತೆರೆದರೆ ನೀರಿನ ಮೇಲ್ಮೈ ಕದಡುವುದಿಲ್ಲ, ಗಾಳಿಯ ವಿನಿಮಯ ಇನ್ನೂ ಕುಗ್ಗುತ್ತದೆ. ಇಲ್ಲಿ ಮರಳುವ ನಿಲುಗೊಳವೆ ಮೇಲ್ಮೈ ಹತ್ತಿರ ಕೊನೆಗೊಳ್ಳಬೇಕೆನ್ನಲು ಸೋರಿಕೆಯ ಭಯದ ಜೊತೆಗೆ ಇದೂ ಒಂದು ಕಾರಣ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಿನ ಮನೆಗಳು ಬಹುಕಾಲ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡಿದ್ದವು. ಆ ನೀರು ಸಾಮಾನ್ಯವಾಗಿ ಗಡುಸು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಇಟ್ಟಿದೆ, ಬೇರೆ ನೀರಿಲ್ಲದಿದ್ದಾಗ 600ರವರೆಗೆ ಒಪ್ಪುತ್ತದೆ. ಗಡುಸು ನೀರಿನಲ್ಲಿ ಪಂಪಿನ ಅಕ್ಷಕ್ಕೂ ಬಾಲ್ ವಾಲ್ವಿನ ಗುಂಡಿಗೂ ಬಿಳಿ ಸುಣ್ಣ ಕಟ್ಟುತ್ತದೆ. ವರ್ಷಗಟ್ಟಲೆ ಅಲುಗಾಡಿಸದ ವಾಲ್ವ್ ತುರ್ತಿನಲ್ಲಿ ತಿರುಗುವುದೇ ಇಲ್ಲ, ಬಲವಂತ ಮಾಡಿದರೆ ಹಿಡಿಯೇ ಮುರಿಯುತ್ತದೆ. ತಿಂಗಳಿಗೊಮ್ಮೆ ವಾಲ್ವನ್ನು ಮುಚ್ಚಿ ತೆರೆಯುವುದು ಇದಕ್ಕೆ ಪರಿಹಾರ. ಬಿಚ್ಚಿ ತೆಗೆದ ಭಾಗಗಳ ಸುಣ್ಣವನ್ನು ನಿಂಬೆ ಉಪ್ಪಿನ ನೀರು ಕರಗಿಸುತ್ತದೆ.

ಕಾವೇರಿ 5ನೇ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ನೀರು ಒದಗಿಸುವ ಉದ್ದೇಶ ಹೊಂದಿದೆ. ನಲ್ಲಿಯ ನೀರು ಬಂದಲ್ಲಿ ಸುಣ್ಣದ ಕಾಟ ತಗ್ಗಿ ಕ್ಲೋರಿನ್ ತೆಗೆಯುವ ಕೆಲಸ ಸೇರುತ್ತದೆ. ಅದಕ್ಕೆ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಬಳಸುತ್ತಾರೆ. ಅದೇ ವರ್ಷದ ಬೇಸಿಗೆಯ ನೀರಿನ ಅಭಾವದಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ಕಾರು ತೊಳೆಯುವುದನ್ನೂ ತೋಟಕ್ಕೆ ಹಾಯಿಸುವುದನ್ನೂ ನಿಷೇಧಿಸಿತ್ತು. ಇಳಿಯುವ ಕೊಳವೆಯಲ್ಲಿ ಒಂದು ಟೀ ಜೋಡಕ ಮತ್ತು ಪ್ರತ್ಯೇಕ ವಾಲ್ವ್ ಇಟ್ಟರೆ ವಾರದ ನೀರು ಬದಲಾವಣೆಯಲ್ಲಿ ನೈಟ್ರೇಟ್ ತುಂಬಿದ ಹಳೆಯ ನೀರನ್ನು ಬಾಲ್ಕನಿಯ ಕುಂಡಗಳಿಗೆ ನೇರವಾಗಿ ಬಿಡಬಹುದು. ತಳಜೋಡಣೆಯ ಅತ್ಯಂತ ಉಪಯುಕ್ತ ಅನುಕೂಲ ಇದೇ ಎನ್ನಬಹುದು.

ವಿದ್ಯುತ್ ಕಡಿತವಾದಾಗ ಮುಚ್ಚಿದ ವ್ಯವಸ್ಥೆಯಾದ ಕ್ಯಾನಿಸ್ಟರಿನಲ್ಲಿ ನೀರಿನ ಮಟ್ಟ ಕದಲುವುದಿಲ್ಲ, ನೆಲಕ್ಕೆ ಉಕ್ಕುವುದೂ ಇಲ್ಲ. ಅಪಾಯ ಡಬ್ಬಿಯ ಒಳಗೆ. ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದೆ ಬಳಲುತ್ತವೆ. ಬಹಳ ಹೊತ್ತು ನಿಂತ ಡಬ್ಬಿಯನ್ನು ತೊಳೆಯದೆ ಚಾಲೂ ಮಾಡಿದರೆ ಕೊಳೆತ ನೀರು ತೊಟ್ಟಿ ಸೇರುತ್ತದೆ. ಮನೆಬಳಕೆಯ ಕ್ಯಾನಿಸ್ಟರುಗಳು ಹೆಚ್ಚಾಗಿ 15ರಿಂದ 60 ವಾಟ್ ಒಳಗಿರುವುದರಿಂದ ಸಾಮಾನ್ಯ ಯುಪಿಎಸ್ ಅವನ್ನು ನಡೆಸಬಲ್ಲದು.

ಮೇಲೆ ಹೇಳಿದ 216 ಲೀಟರಿನ ತೊಟ್ಟಿ ಗಾಜು, ಜಲ್ಲಿ ಸೇರಿ 300 ಕಿಲೋ ದಾಟುತ್ತದೆ. ಅದು ನಿಂತ ಜಾಗದಲ್ಲಿ ಚದರ ಮೀಟರಿಗೆ 600 ಕಿಲೋ ಹತ್ತಿರ. ವಾಸದ ಕೋಣೆಗಳ ನೆಲಕ್ಕೆ ಐಎಸ್ 875 ಸೂಚಿಸುವ ಹೊರೆ ಚದರ ಮೀಟರಿಗೆ 2 ಕಿಲೊನ್ಯೂಟನ್, ಅಂದರೆ ಸುಮಾರು 200 ಕಿಲೋ, ಇಡೀ ಕೋಣೆಗೆ ಸಮನಾಗಿ ಹರಡಿದಂತೆ. ಕೋಣೆಯ ನಡುವೆ ದೊಡ್ಡ ತೊಟ್ಟಿ ಇಡುವ ಮುನ್ನ ತೊಲೆ ಎಲ್ಲಿದೆ ಎಂದು ತಿಳಿಯಬೇಕು. ಬಾಡಿಗೆ ಮನೆಗಳಲ್ಲಿ ಕೆಳಗಿನ ಮನೆಯ ಚಾವಣಿಗೆ ನೀರು ಇಳಿಯುವ ಸಾಧ್ಯತೆಯೂ ಲೆಕ್ಕಕ್ಕೆ ಬರುತ್ತದೆ. ನಿಲುಗೊಳವೆಯಿಲ್ಲದ ತಳರಂಧ್ರವನ್ನು ಮೇಲ್ಮಹಡಿಯಲ್ಲಿ ಎಂದೂ ಇಡಬಾರದು.

ನಿರ್ವಹಣೆ ಮತ್ತು ದೋಷಗಳು

ತೊಳೆಯಲು ಕ್ಯಾನಿಸ್ಟರ್ ಬಿಚ್ಚುವಾಗ ಎರಡೂ ವಾಲ್ವ್ ಮುಚ್ಚಿ ಆಮೇಲೆ ಯೂನಿಯನ್ ಸಡಿಲಿಸಬೇಕು. ಎನ್‌ಆರ್‌ವಿ ಒಂದನ್ನೇ ನಂಬುವಂತಿಲ್ಲ: ಬಸವನಹುಳುವಿನ ಚಿಪ್ಪು ಅಥವಾ ಗಿಡದ ಎಲೆಯೊಂದು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಇಳಿಯುವ ಕೊಳವೆಯ ಜಾಲರಿ ಕೆಳಗಿದ್ದರೆ ಕಸ ಚೆನ್ನಾಗಿ ಹೋಗುತ್ತದೆ, ಸೋರಿದರೆ ನಷ್ಟ ಹೆಚ್ಚು. ತಳದಿಂದ 15 ಸೆಂ.ಮೀ. ಎತ್ತರದಲ್ಲಿಟ್ಟರೂ ಮೇಲೆ ಹೇಳಿದ 216 ಲೀಟರಿನ ತೊಟ್ಟಿಯಲ್ಲಿ 135 ಲೀಟರ್ ಹೋಗಬಲ್ಲದು. ಮೀನುಗಳಿಗೆ ಉಸಿರಾಡಲು ಮಿಕ್ಕ ನೀರು ಸಾಕಾಗುತ್ತದೆ, ನೆಲಕ್ಕೆ ಬಿದ್ದ ನೀರು ಮಾತ್ರ ಮನೆಯದೇ ಸಮಸ್ಯೆ. ಸಿಕ್ಲಿಡ್ ಜಾತಿಯ ಮೀನುಗಳು ಜಲ್ಲಿ ತೋಡಿ ನಿಪ್ಪಲನ್ನು ಹೊರಗೆಡಹುತ್ತವೆ. ದೊಡ್ಡ ಮೀನುಗಳು ನಿಲುಗೊಳವೆಗೆ ಮೈ ತಿಕ್ಕಿ ಅಲುಗಿಸುತ್ತವೆ. ಇಂಥ ತೊಟ್ಟಿಗಳಲ್ಲಿ ನಿಲುಗೊಳವೆಯ ಸುತ್ತ ಕಲ್ಲಿನ ಕಟ್ಟೆ ಬೇಕು. ರಬ್ಬರ್ ವಾಷರ್ ಕಾಲಕ್ರಮೇಣ ಗಟ್ಟಿಯಾಗುತ್ತದೆ. ಮನೆ ಬದಲಿಸಲು ತೊಟ್ಟಿ ಬರಿದು ಮಾಡಿದಾಗಲೇ ಹೊಸದನ್ನು ಹಾಕುವುದು ಸುಲಭ.

ಇಂದಿನ ಸ್ಥಿತಿ

ಕ್ಯಾನಿಸ್ಟರುಗಳಲ್ಲಿ ಇಂದು ದುಬಾರಿ ಜರ್ಮನ್ ತಯಾರಿಕೆಗಳ ಜೊತೆಗೆ ಸನ್‌ಸನ್ ಮೊದಲಾದ ಚೀನಾದ ತಯಾರಿಕೆಗಳು ಸಿಗುತ್ತವೆ. ಹೋಸ್, ಜಾಲರಿ, ಬಾಗುಕೊಳವೆಗಳು ಅಂಚಿನ ಜೋಡಣೆಗೆ ಹೊಂದುವಂತೆಯೇ ಪೆಟ್ಟಿಗೆಯಲ್ಲಿ ಬರುತ್ತವೆ. ತಳಜೋಡಣೆಯ ಭಾಗಗಳನ್ನು ಕೊಳ್ಳುವವರೇ ಹಾರ್ಡ್‌ವೇರ್ ಅಂಗಡಿಯಿಂದ ಒಟ್ಟುಗೂಡಿಸಬೇಕು. ಆದ್ದರಿಂದ ಈ ಕೆಲಸ ಇಂದಿಗೂ ಮೂವರ ನಡುವೆ ಹಂಚಿಹೋಗಿದೆ: ಕೊರೆಯುವವರು ಗಾಜಿನ ಅಂಗಡಿಯವರು, ಪೈಪು ಕೂಡಿಸುವವರು ಪ್ಲಂಬರು, ಹರಿವನ್ನು ಹೊಂದಿಸುವವರು ಮೀನು ಸಾಕುವವರು. ಪ್ಲಂಬರಿಗೆ ತಾರಸಿ ಟ್ಯಾಂಕಿನ ಅಭ್ಯಾಸವಿರುವುದರಿಂದ ನಿಪ್ಪಲನ್ನು ಸ್ಪ್ಯಾನರಿನಿಂದ ಬಲವಾಗಿ ಬಿಗಿಯುವುದು ಸಹಜ. ಗಾಜಿಗೆ ಅಷ್ಟು ಬಿಗಿ ಸಲ್ಲದೆಂದು ಕೆಲಸಕ್ಕೆ ಮೊದಲೇ ಹೇಳಬೇಕಾಗುತ್ತದೆ.